ಪೊಲೀಸರಿಗೆ ವಿಡಿಯೋ ಮಾಡಿಕೊಟ್ಟವನು

ಊರಲ್ಲಿ ಅವನನ್ನು ಎಲ್ಲರೂ ಫೋಕಸ್ ಎಂದೇ ಕರೆಯುತ್ತಿದ್ದರು. ಮದುವೆ ವಿಡಿಯೋ ತೆಗೆಯುವುದು ಅವನ ಕಸುಬು. ಗಂಡು ಹೆಣ್ಣು ಸ್ವಲ್ಪ ಮಸುಕಾಗಿ ಬಂದರೂ ನಡೆದೀತು, ಸೋದರತ್ತೆಯ ಮುಖ ಬಿಟ್ಟುಹೋದರೆ ಆ ಮನೆಯವರು ಮತ್ತೆ ಕರೆಯುವುದಿಲ್ಲ ಎಂಬುದನ್ನು ಅವನು ಶುರುವಿನಲ್ಲೇ ಕಲಿತಿದ್ದ. ಹಾಗಾಗಿ ಕುರ್ಚಿ ಸಾಲಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಕ್ಯಾಮೆರಾ ಹಾಯಿಸಿ, ಒಂದೊಂದು ಮುಖದ ಮುಂದೂ ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದ. ಮೈಕ್ ಮಾತ್ರ ಬಂದ್ ಮಾಡಿಡುತ್ತಿದ್ದ. ಕುರ್ಚಿ ಎಳೆಯುವ ಸದ್ದು, ಮಕ್ಕಳ ಅಳು ಯಾರಿಗೆ ಬೇಕು? ಆಮೇಲೆ ಹಾಡು ಕೂರಿಸಿದರಾಯಿತು.

ಯುದ್ಧ ಶುರುವಾದ ಮೇಲೆ ಮದುವೆಗಳು ಕಡಿಮೆಯಾದವು. ಮದುವೆ ಆಗಬೇಕಾದ ಹುಡುಗರನ್ನೇ ಸೇನೆ ಕರೆದುಕೊಂಡು ಹೋಗಿತ್ತು. ನೊಣ ಹೊಡೆಯುತ್ತ ಕೂತಿದ್ದ ಫೋಕಸ್‌ಗೆ ಪೊಲೀಸ್ ಠಾಣೆಯಿಂದ ಕೆಲಸ ಬಂತು. ಚೌಕದಲ್ಲಿ ಜನ ಸೇರಿದಾಗಲೆಲ್ಲ ವಿಡಿಯೋ ಮಾಡಿಕೊಡಬೇಕು. ಕೆಲಸ ಯಾವುದಾದರೇನು ಎಂದು ಒಪ್ಪಿಕೊಂಡ.

ಚೌಕದಲ್ಲಿ ಶುಕ್ರವಾರ ಶುಕ್ರವಾರ ಸೇರುತ್ತಿದ್ದವರು ಯುದ್ಧಕ್ಕೆ ಹೋದವರ ತಾಯಂದಿರು. ಮಾತುಕತೆಗೆ ಕೂರಿ, ಯುದ್ಧ ನಿಲ್ಲಿಸಿ ಎಂದು ರಟ್ಟಿನ ಮೇಲೆ ಬರೆದು ಹಿಡಿದುಕೊಳ್ಳುತ್ತಿದ್ದರು. ಫುಟ್‌ಪಾತಿನ ಮೇಲೆ ನಿಲ್ಲಲು ಅವರಿಗೆ ಅನುಮತಿ ಇತ್ತು, ರಸ್ತೆಗೆ ಇಳಿಯಲು ಇರಲಿಲ್ಲ. ಅವರಲ್ಲಿ ಫೋಕಸ್‌ನ ಅಕ್ಕನೂ ಒಬ್ಬಳು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವುದು ಅವಳ ಕೆಲಸ. ಒಬ್ಬನೇ ಮಗ ಗಡಿಯಲ್ಲಿದ್ದ.

ತಮ್ಮ ಅವಳಿಗೆ ಬುದ್ಧಿ ಹೇಳಿ ನೋಡಿದ್ದ. ನಾಲ್ಕು ಹೆಂಗಸರು ರಟ್ಟು ಹಿಡಿದರೆ ಫಿರಂಗಿ ಸುಮ್ಮನಾಗುತ್ತದೆಯೇ, ಶುರು ಮಾಡಿದವರೇ ನಿಲ್ಲಿಸುತ್ತಾರೆ, ನಮಗ್ಯಾಕೆ ಇಲ್ಲದ ಉಸಾಬರಿ ಎಂದಿದ್ದ.

"ಶುರು ಮಾಡಿದವರ ಮಕ್ಕಳು ಯಾರೂ ಅಲ್ಲಿಲ್ಲವಲ್ಲೋ," ಎಂದಿದ್ದಳು ಅಕ್ಕ. "ಅವರಿಗೇನು ಅವಸರ? ಅವಸರ ಇರೋರೇ ಹೋಗಿ ಕೇಳಬೇಕು."

ಒಂದು ಶುಕ್ರವಾರ ಮಂತ್ರಿಯ ಕಾರು ಆ ದಾರಿಯಾಗಿ ಬರುವುದಿತ್ತು. ತಾಯಂದಿರು ಫುಟ್‌ಪಾತಿನಿಂದ ಇಳಿದು ರಸ್ತೆಯಲ್ಲಿ ಕೂತರು. ಇನ್ಸ್‌ಪೆಕ್ಟರ್ ಕೈಮೈಕು ಎತ್ತಿ, ಇದು ಕಾನೂನಿಗೆ ವಿರುದ್ಧ, ಎದ್ದು ಹೋಗಿ, ಇಲ್ಲದಿದ್ದರೆ ಎಬ್ಬಿಸಬೇಕಾಗುತ್ತದೆ ಎಂದ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಪೊಲೀಸರು ಅವರನ್ನು ಎತ್ತಿ ವ್ಯಾನಿಗೆ ಹತ್ತಿಸಿದರು. ಫೋಕಸ್‌ನ ಕೈ ಅಭ್ಯಾಸ ಬಿಡಲಿಲ್ಲ. ಕ್ಯಾಮೆರಾ ಈ ತುದಿಯಿಂದ ಆ ತುದಿಗೆ ಹಾಯುತ್ತ ಒಂದೊಂದು ಮುಖದ ಮುಂದೂ ನಿಂತಿತು. ಅಕ್ಕನ ಮುಖದ ಮುಂದೆಯೂ ನಿಂತಿತು. ಅವಳು ಕೂದಲು ಸರಿ ಮಾಡಿಕೊಂಡಳು.

ಹಿಂದೆ ಪೊಲೀಸರೇ ತೆಗೆಯುತ್ತಿದ್ದ ವಿಡಿಯೋದಲ್ಲಿ ಬರೀ ತಲೆಗಳು ಕಾಣುತ್ತಿದ್ದವು. ಇದರಲ್ಲಿ ಮುಖಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ಒಬ್ಬರನ್ನೂ ಬಿಡದೆ ಕೇಸು ಬಿತ್ತು. ಶಿಕ್ಷೆಯಾದರೆ ಅಕ್ಕನ ಆಸ್ಪತ್ರೆ ಕೆಲಸ ಹೋಗುತ್ತಿತ್ತು.

ತಾಯಂದಿರ ವಕೀಲೆ ಮಾತ್ರ ವಿಡಿಯೋ ನೋಡಿ ಖುಷಿಪಟ್ಟಳು. ಅದರಲ್ಲಿ ಸದ್ದೇ ಇರಲಿಲ್ಲ. ಎದ್ದು ಹೋಗಿ ಎಂದು ಮೊದಲು ಎಲ್ಲರಿಗೂ ಕೇಳಿಸುವಂತೆ ಹೇಳದೆ ಎತ್ತಿದ್ದರೆ ಕೇಸು ನಿಲ್ಲುವುದಿಲ್ಲ, ಹೇಳಿದರೋ ಇಲ್ಲವೋ ಎಂಬುದಕ್ಕೆ ಪೊಲೀಸರನ್ನು ಬಿಟ್ಟರೆ ಸಾಕ್ಷಿ ನಿನ್ನ ತಮ್ಮ ಒಬ್ಬನೇ ಎಂದು ಅಕ್ಕನಿಗೆ ವಿವರಿಸಿದಳು.

ವಿಷಯ ತಿಳಿದ ಫೋಕಸ್‌ಗೆ ಹೋದ ಜೀವ ಬಂದಂತಾಯಿತು. ಅಕ್ಕನ ಮನೆಗೆ ಹೋಗಿ, ನನಗೇನೂ ಕೇಳಿಸಲಿಲ್ಲ ಎಂದುಬಿಡುತ್ತೇನೆ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದ.

"ನನಗೆ ಕೇಳಿಸಿತ್ತು ಕಣೋ. ಕೇಳಿಸಿಕೊಂಡೇ ಕೂತಿದ್ದೆ."

"ನಿನ್ನನ್ನ ಯಾರು ಕೇಳ್ತಾರೆ? ಕೇಳೋದು ನನ್ನನ್ನ."

"ಹಾಗಂದ್ರೆ ನಾವೆಲ್ಲ ಕಿವುಡಿಯರಾಗಿ ಕೂತ ಹಾಗಾಯ್ತು. ಪಾಪ, ಕೇಳಿಸಿದ್ರೆ ಎದ್ದು ಹೋಗ್ತಿದ್ರು ಅಂತಾರೆ. ಯುದ್ಧ ನಿಲ್ಲಿಸಿ ಅಂತ ಕೂತಿದ್ದು ಎಲ್ಲಿ ಹೋಯ್ತು?"

"ಕೆಲಸ ಹೋಗುತ್ತಕ್ಕ."

"ಹೋಗುತ್ತೆ," ಎಂದಳು ಅಕ್ಕ, ಲೆಕ್ಕ ಸರಿಯಾಗಿದೆ ಎನ್ನುವವರ ಹಾಗೆ. ಉಳಿದ ತಾಯಂದಿರೂ ಇದನ್ನೇ ಹೇಳಿದ್ದರಂತೆ. ವಕೀಲೆ ತಲೆ ಚಚ್ಚಿಕೊಂಡಿದ್ದಳಂತೆ.

ಕಟಕಟೆಯಲ್ಲಿ ನಿಂತಾಗಲೂ ಫೋಕಸ್ ಏನು ಹೇಳುವುದೆಂದು ಗಟ್ಟಿ ಮಾಡಿಕೊಂಡಿರಲಿಲ್ಲ. ಇನ್ಸ್‌ಪೆಕ್ಟರ್ ಹೇಳಿದ್ದು ಕೇಳಿಸಿತೇ ಎಂದು ನ್ಯಾಯಾಧೀಶರು ಕೇಳಿದರು. ಅವನು ಅಕ್ಕನ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಕೇಳಿಸ್ತು ಸ್ವಾಮಿ," ಎಂದ. "ಅವರಿಗೂ ಕೇಳಿಸ್ತು. ಕೇಳಿಸಿಕೊಂಡೇ ಕೂತಿದ್ರು. ಯಾರೂ ಕೈ ಎತ್ತಲಿಲ್ಲ, ಕಲ್ಲು ಎತ್ತಲಿಲ್ಲ."

ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದು ಸರ್ಕಾರಿ ವಕೀಲ ಗೊಣಗಿದ. ನ್ಯಾಯಾಧೀಶರು ಕೊನೆಯ ಮಾತನ್ನೂ ಬರೆಸಿದರು.

ತೀರ್ಪಿನ ದಿನ ಅವರು ಹೇಳಿದ್ದು ಇಷ್ಟು. ಯುದ್ಧ ಯಾವಾಗ ನಿಲ್ಲುತ್ತದೆ ಎಂದು ಸರ್ಕಾರವನ್ನು ಕೇಳುವ ಹಕ್ಕು ಈ ತಾಯಂದಿರಿಗೆ ಇದೆ. ರಸ್ತೆ ಬಂದ್ ಮಾಡುವ ಹಕ್ಕು ಇಲ್ಲ. ತಪ್ಪು ಸಾಬೀತಾಗಿದೆ. ಅವತ್ತಿನ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವುದು ಶಿಕ್ಷೆ. ಕೂತಿದ್ದಕ್ಕೆ ಕೂತಿರೋ ಶಿಕ್ಷೆ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆದರೆ ಶಿಕ್ಷೆ ಚಿಕ್ಕದಾದರೂ ಆಸ್ಪತ್ರೆಯವರ ಪಾಲಿಗೆ ಶಿಕ್ಷೆಯೇ. ಮೇಲ್ಮನವಿ ಹಾಕೋಣ ಎಂದಳು ವಕೀಲೆ. ಆಗಲಿ ಎಂದಳು ಅಕ್ಕ.

ಉಳಿದವರು ಹೋಗಬಹುದು ಎಂದರೂ ಫೋಕಸ್ ಹೋಗದೆ ತಾಯಂದಿರ ಬೆಂಚಿನ ತುದಿಯಲ್ಲಿ ಕೂತ. ಮಧ್ಯಾಹ್ನವಿಡೀ ಬೇರೆಯವರ ಕೇಸುಗಳು ನಡೆದವು: ಕಾಂಪೌಂಡ್ ಗೋಡೆಯ ಜಗಳ, ಕದ್ದ ಸೈಕಲ್ಲು. ಸೈಕಲ್ಲಿನ ಕೇಸು ನಡೆಯುತ್ತಿದ್ದಾಗ ಅಕ್ಕ ಅವನ ಕಡೆ ಬಾಗಿ, ಶುಕ್ರವಾರ ಬರುತ್ತೀಯಾ ಎಂದು ಕೇಳಿದಳು.

"ಪೊಲೀಸರು ಇನ್ನು ನನ್ನನ್ನ ಕರೆಯಲ್ಲ ಅಕ್ಕ."

"ನಾನು ಕರೀತಿದ್ದೀನಿ. ಕ್ಯಾಮೆರಾ ಬೇಡ."

ಅವನು ಸೈಕಲ್ಲಿನ ಕೇಸನ್ನು ಕೊನೆಯವರೆಗೂ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಫುಟ್‌ಪಾತ್ ಮೇಲೋ, ರಸ್ತೆ ಮೇಲೋ?"

ಅದನ್ನು ವಿಚಾರಿಸಲು ಅಕ್ಕ ಆಚೆ ಕೂತಿದ್ದ ತಾಯಿಯ ಕಡೆ ತಿರುಗಿದಳು.