ದಾಬಸ್‌ಪೇಟೆಯ ಜಯಮ್ಮ ಹೇಳಿದ ಉಬ್ಬರ

ದಾಬಸ್‌ಪೇಟೆಯ ಹೆದ್ದಾರಿ ಬದಿಯಲ್ಲಿ ಮೀನು ಮಾರುವ ಜಯಮ್ಮ ನನ್ನ ಬೈಕಿಗೆ ಕಟ್ಟಿದ್ದ ಗಾಳದ ಕೋಲು ನೋಡಿ, "ಎಲ್ಲಿಗಪ್ಪಾ?" ಎಂದರು. ನಾಳೆ ಹೊನ್ನಾವರದ ಕಡಲ ಬಂಡೆಗಳ ಮೇಲೆ ನಿಂತು ಮೀನು ಹಿಡಿಯುತ್ತೇನೆ ಎಂದೆ.

"ನಾಳೆ ಅಮಾಸೆ ಕಣಪ್ಪಾ. ಉಬ್ಬರ ಜೋರು, ಗಾಳೀನೂ ಐತೆ. ಬಂಡೆ ಹತ್ತಬ್ಯಾಡ. ಅಷ್ಟಮಿ ಹೊತ್ಗೆ ಹೋಗು, ಆಗ ನೀರು ಅಷ್ಟು ಏರಲ್ಲ."

ನಾನು ನಂಬದೆ ನಕ್ಕೆ. ಅವರು ತಮಗೆ ಮೀನು ಕಳಿಸುವ ಹೊನ್ನಾವರದ ದೋಣಿಯವರೊಬ್ಬರಿಗೆ ಫೋನ್ ಹಚ್ಚಿ ನನ್ನ ಕೈಗಿತ್ತರು.

"ಅಕ್ಕ ಹೇಳಿದ್ದೇ ಸರಿ ಮಾರಾಯ್ರೆ. ನಾಳೆ ನಾವೇ ದೋಣಿ ಇಳಿಸುದಿಲ್ಲ" ಎಂದರು ಅವರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಜಯಮ್ಮನನ್ನು ಕೇಳಿದೆ.

"ದಿನಾ ಬೆಳಿಗ್ಗೆ ಇವ್ರನ್ನ ಕೇಳಿ ಕೇಳಿ ಗೊತ್ತಾಯ್ತು. ಸಮುದ್ರ ನಾನಿನ್ನೂ ನೋಡಿಲ್ಲಪ್ಪಾ" ಎಂದು ಬಂಗುಡೆಗಳ ಮೇಲೆ ಐಸ್ ಸುರಿದರು.

ನಾನು ಬೈಕನ್ನು ವಾಪಸ್ ನನ್ನ ಊರ ಕಡೆಗೆ ತಿರುಗಿಸಿದೆ.