ಕಾರಿಗೆ ಜ್ವರ ನೋಡುತ್ತಿದ್ದ ಗುರುಸಿದ್ದಪ್ಪನವರು

ಗುರುಸಿದ್ದಪ್ಪನವರು ಕಾರಿಗೆ ಜ್ವರ ನೋಡುತ್ತಿದ್ದರು. ಪಾಲಿಶ್ ಮಿಷಿನ್ನನ್ನು ಬಾನೆಟ್ಟಿನ ಮೇಲೆ ನಾಲ್ಕು ಸಲ ಆಡಿಸಿ ನಿಲ್ಲಿಸುವುದು, ಬೆರಳುಗಳ ಹಿಂಬದಿಯನ್ನು ಬಣ್ಣಕ್ಕೆ ತಾಗಿಸುವುದು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುವುದು. ಮಲಗಿದ ಮಗುವಿನ ಹಣೆ ಮುಟ್ಟುವ ತಾಯಂದಿರು ಹೀಗೇ ನಿಲ್ಲುತ್ತಾರೆ. ಬೆಚ್ಚಗಿದ್ದರೆ ಕೆಲಸ ಮುಂದುವರಿಯುತ್ತಿತ್ತು. ಬಿಸಿಯಾಗಿದ್ದರೆ, ಬಣ್ಣ ಸುಟ್ಟೀತೆಂದು ಮಿಷಿನ್ನು ಕೆಳಗಿಟ್ಟು, ಎಲೆಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದರು. ಕಾರಿನ ಯಜಮಾನ ಎಷ್ಟೇ ಅವಸರ ಮಾಡಲಿ, ಜ್ವರ ಇಳಿಯದೆ ಅವರು ಏಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನ ಮೈಸೂರು ರಸ್ತೆಯಲ್ಲಿದ್ದ ಯೂಸುಫ್ ಸಾಹೇಬರ ಪೇಂಟಿಂಗ್ ಷೆಡ್ಡಿಗೆ ಸೇರಿದಾಗ ನನಗೆ ಮೂವತ್ತು ದಾಟಿತ್ತು. ಅದಕ್ಕೆ ಮೊದಲು ಬಿಳಿಕೆರೆ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದೆ. ಹೊಗೆ ಎದೆಗೆ ಆಗಿಬರಲಿಲ್ಲ, ಬಿಟ್ಟೆ. ಬೆಂಕಿ ಕಾದವನಿಗೆ ಶಾಖದ ಅಂದಾಜು ಇರುತ್ತದೆ ಎಂದು ಸಾಹೇಬರು ನನ್ನನ್ನು ಗುರುಸಿದ್ದಪ್ಪನವರ ಕೈಗೆ ಒಪ್ಪಿಸಿದರು. ಅವರಿಗೆ ಆಗ ಅರವತ್ತರ ಹತ್ತಿರ. ಹಣೆಯಲ್ಲಿ ವಿಭೂತಿ, ಮೈಮೇಲೆ ಬಿಳಿ ಬನಿಯನ್ನು, ಎಡಹೆಗಲ ಮೇಲೆ ಟವಲಿನ ಹಾಗೆ ಇಳಿಬಿಟ್ಟ ಮಿಷಿನ್ನಿನ ವೈರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ವಯಸ್ಸಾದ ಎತ್ತಿಗೆ ಉಳುವುದು ಕಲಿಸಬೇಕಲ್ಲ ಎಂದು ಸಾಹೇಬರ ಮುಂದೆಯೇ ಗೊಣಗಿದರು.

ಕಲಿಸಿದ್ದು ಮಾತ್ರ ಗೊಣಗಿದಷ್ಟೇ ಶ್ರದ್ಧೆಯಿಂದ. ಷೆಡ್ಡಿನ ಹಿಂದೆ ಗುಜರಿಗೆ ಹೋಗಬೇಕಿದ್ದ ಕಾರಿನ ಬಾಗಿಲೊಂದು ಗೋಡೆಗೆ ಒರಗಿತ್ತು. ಅದೇ ನನ್ನ ಸ್ಲೇಟು. ಹದಿನೈದು ದಿನ ಮಿಷಿನ್ನಿಗೆ ಕರೆಂಟು ಕೊಡಲೇ ಇಲ್ಲ. ಸತ್ತ ಮಿಷಿನ್ನನ್ನು ಹಿಡಿದು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನಾನು ಆಡಿಸುತ್ತಿದ್ದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. ಹದಿನಾರನೆಯ ದಿನ ಕರೆಂಟು ಕೊಟ್ಟರು. ಗುಂಡಿ ಒತ್ತಿದ್ದೇ ತಡ, ಮಿಷಿನ್ನು ಹಗ್ಗ ಕಿತ್ತ ಹೋರಿಯಂತೆ ಕೈಯಿಂದ ಹಾರಿತು. ಬಾಗಿಲಿಗೆ ಬಳಿದಿದ್ದ ಬಿಳಿ ಪಾಲಿಶ್ ಪೇಸ್ಟು ಅವರ ಮುಖಕ್ಕೆಲ್ಲ ಸಿಡಿಯಿತು. ಬೈಯುತ್ತಾರೆ ಅಂದುಕೊಂಡರೆ, ಮುಖ ಒರೆಸಿಕೊಳ್ಳುತ್ತ, ವಿಭೂತಿ ಇವತ್ತು ಸ್ವಲ್ಪ ಜಾಸ್ತಿಯಾಯಿತು ಅಷ್ಟೇ ಎಂದರು.

"ಬಣ್ಣ ಅಂದ್ರೆ ಹಾಲಿನ ಕೆನೆ ಕಣ್ಲಾ ನಂಜಾ," ಎನ್ನುತ್ತಿದ್ದರು. "ಕೆನೆ ಮ್ಯಾಲೆ ಸೌಟಾಡುಸ್ಬೇಕು, ಕೆನೆ ಒಡೀಬಾರ್ದು. ಮಿಷಿನ್ನ ಒತ್ತಬ್ಯಾಡ, ಓರೆ ಮಾಡ್ಬ್ಯಾಡ. ಅದ್ರ ಭಾರ ಅದೇ ಒತ್ಕತದೆ ಬುಡು."

ಬಾಗಿಲು ಮುಗಿಸಿ ಜೀಪಿನ ಹಿಂಬದಿಗೆ ಬಡ್ತಿ ಪಡೆದೆ. ಅಲ್ಲಿಂದ ಕಾರಿನ ಡಿಕ್ಕಿಗೆ. ಬಾನೆಟ್ಟು ಮಾತ್ರ ಅವರದೇ. ಜನ ಮೊದಲು ನೋಡುವುದು ಬಾನೆಟ್ಟನ್ನು, ಅಲ್ಲಿ ಬಣ್ಣ ಸುಟ್ಟರೆ ಮುಚ್ಚಿಡಲು ಜಾಗವಿಲ್ಲ ಎಂದು ಅವರ ವಾದ. ಎರಡು ವರ್ಷವಾದರೂ ಬಾನೆಟ್ಟು ಕೊಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಇದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಎರಡನೆಯ ವರ್ಷದಲ್ಲೇ ಅವರ ಗುಟ್ಟು ನನಗೆ ಗೊತ್ತಾದದ್ದು. ಎದುರಿನ ಹೋಟೆಲಿನಿಂದ ಬರುವ ಟೀ ಗ್ಲಾಸನ್ನು ನಾವೆಲ್ಲ ಕಂಠದಲ್ಲಿ ಎರಡು ಬೆರಳಿನಿಂದ ಹಿಡಿದು, ಕೈ ಬದಲಿಸುತ್ತ ಕುಡಿಯುತ್ತಿದ್ದೆವು. ಅವರು ಇಡೀ ಗ್ಲಾಸನ್ನು ಮುಷ್ಟಿಯಲ್ಲಿ ಹಿಡಿದು ಆರಾಮವಾಗಿ ಕೂತಿರುತ್ತಿದ್ದರು. ಮೊದಮೊದಲು ಗಟ್ಟಿ ಕೈ ಅಂದುಕೊಂಡೆ. ಆಮೇಲೆ ಒಂದು ದಿನ, ಬೆರಳು ಬಣ್ಣದ ಮೇಲಿಟ್ಟು ಕಣ್ಣು ಮುಚ್ಚಿದವರು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಕೊನೆಗೆ ನನ್ನನ್ನು ಕರೆದು, ಜ್ವರ ಇದೆಯಾ ನೋಡು ಅಂದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಮುಟ್ಟಿದೆ. ಕೈ ಚುರ್ ಎಂದಿತು. ಅವರ ಮುಖ ನೋಡಿದಾಗ ತಿಳಿಯಿತು, ಅದು ಪರೀಕ್ಷೆಯಲ್ಲ.

ವರ್ಷಗಟ್ಟಲೆ ಮಿಷಿನ್ನಿನ ನಡುಕ ತಿಂದು ಅವರ ಬೆರಳುಗಳಿಗೆ ಜೋಮು ಹಿಡಿದಿತ್ತು. ಚಳಿಗಾಲದಲ್ಲಿ ತುದಿಗಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. ಸಾಹೇಬರಿಗೆ ಹೇಳಬೇಡ ಎಂದು ಅವರು ಕೇಳಿಕೊಂಡರು. ನನ್ನನ್ನು ಎಂದೂ ಏನನ್ನೂ ಕೇಳಿಕೊಂಡವರಲ್ಲ. "ಮಿಷಿನ್ ಬುಟ್ರೆ ನಾನು ಯಾರ್ಲಾ? ಇನ್ನೊಂದೆರಡು ವರ್ಸ ನಿನ್ ಕೈ ನಂಗೆ ಕೊಡು," ಎಂದರು. ಅಂದಿನಿಂದ ಜ್ವರ ನೋಡುವ ಕೆಲಸ ನನ್ನದಾಯಿತು. ಅವರು ಮಿಷಿನ್ನು ನಿಲ್ಲಿಸುವುದು, ನಾನು ಧೂಳು ಒರೆಸುವವನಂತೆ ಹೋಗಿ ಬಣ್ಣ ಮುಟ್ಟಿ ತಲೆಯಾಡಿಸುವುದು. ಯಾರಿಗೂ ಅನುಮಾನ ಬರಲಿಲ್ಲ. ಕೆಲಸವೂ ಕೆಡಲಿಲ್ಲ.

ಆ ವರ್ಷ ಆಯುಧಪೂಜೆ ಮುಗಿದ ಮೇಲೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಕಪ್ಪು ಅಂಬಾಸಿಡರ್ ಷೆಡ್ಡಿಗೆ ಬಂತು. ಮಗಳ ಮದುವೆಗೆ ಮಿಂಚಬೇಕಂತೆ. ಬಾನೆಟ್ಟಿನ ಉಬ್ಬಿದ ನಡುಗೆರೆಯ ಮೇಲೆ ಪೂಜೆಯ ದಿನ ಹಚ್ಚಿದ ವಿಭೂತಿ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಅದು ನಮ್ಮ ತಾಯಿ ಇಟ್ಟದ್ದು, ಅಳಿಸಬೇಡಿ ಎಂದು ವ್ಯಾಪಾರಿ ಹೇಳಿ ಹೋದರು. ಗುರುಸಿದ್ದಪ್ಪನವರಿಗೆ ಅದು ತೊಡಕಾಗಿ ಕಾಣಲೇ ಇಲ್ಲ. ದಿನವೂ ಮಧ್ಯಾಹ್ನ ಮನೆಗೆ ಹೋಗಿ ಲಿಂಗಪೂಜೆ ಮಾಡಿಯೇ ಊಟಕ್ಕೆ ಕೂರುತ್ತಿದ್ದವರು ಅವರು. ಬರುವಾಗ ವಿಭೂತಿ ತರುತ್ತೇನೆ, ಕೈಮುಗಿದು ಇದನ್ನು ಒರೆಸಿ, ಪಾಲಿಶ್ ಆದ ಮೇಲೆ ಮತ್ತೆ ಇಟ್ಟರಾಯಿತು, ಅಲ್ಲಿಯವರೆಗೆ ಬಾನೆಟ್ಟು ಮುಟ್ಟಬೇಡ ಎಂದು ಹೇಳಿ ಹೊರಟರು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅವರು ಬರುವಷ್ಟರಲ್ಲಿ ಬಾನೆಟ್ಟು ಮುಗಿಸಿ, ಈಗ ಏನಂತೀರಿ ಎಂದು ಕೇಳಬೇಕು ಅನ್ನಿಸಿತು. ದೇವರ ಗುರುತು ಅಳಿಸುವ ಧೈರ್ಯ ನನಗಿರಲಿಲ್ಲ. ಅದರ ಸುತ್ತ ಬಳಸಿಕೊಂಡು ಹೋಗೋಣವೆಂದು ಮಿಷಿನ್ನನ್ನು ಓರೆ ಮಾಡಿ, ಪ್ಯಾಡಿನ ಅಂಚಿನಿಂದ ಉಜ್ಜಿದೆ. ಉಬ್ಬುಗೆರೆಯ ಮೇಲೆ ಬಣ್ಣ ಮೊದಲೇ ತೆಳು. ಮೂಗಿಗೆ ಸುಟ್ಟ ವಾಸನೆ ಬಡಿಯುವ ಹೊತ್ತಿಗೆ ಕರಿಬಣ್ಣ ಹೋಗಿ, ಕೆಳಗಿನ ಬೂದು ಪ್ರೈಮರು ಉಗುರಿನ ಆಕಾರದಲ್ಲಿ ಕಾಣಿಸಿತು.

ದೇವರ ಗುರುತೊಂದನ್ನು ಬಿಟ್ಟು ಬಿಳಿ ಪೇಸ್ಟನ್ನು ಬಾನೆಟ್ಟಿನ ತುಂಬ ದಪ್ಪಗೆ ಬಳಿದು, ಅವರಿಗಾಗಿ ಸಿದ್ಧ ಮಾಡಿಟ್ಟವನಂತೆ ಪಕ್ಕಕ್ಕೆ ನಿಂತೆ.

ಅವರು ಬಂದರು. ಒಳ್ಳೆ ಕೆಲಸ ಮಾಡಿದ್ದೀಯ ಎಂದು ಬೆನ್ನು ತಟ್ಟಿದರು. ಕೈಮುಗಿದು ಗುರುತು ಒರೆಸಿದರು. ಶುರು ಮಾಡುವ ಮೊದಲು, ಬಿಸಿಲಿಗೆ ಬಾನೆಟ್ಟು ಕಾದಿದೆಯೇನೋ ನೋಡು ಎಂದರು. ಮುಟ್ಟಿದೆ. ನನ್ನ ಮಿಷಿನ್ನಿನ ಬಿಸಿ ಇನ್ನೂ ಅಲ್ಲೇ ಇತ್ತು. ಇಲ್ಲ, ತಣ್ಣಗಿದೆ ಎಂದೆ.

ಅವರು ನಾಲ್ಕು ಸಲ ಆಡಿಸಿ ಬಟ್ಟೆಯಿಂದ ಒರೆಸಿದಾಗ ಆ ಬೂದು ಉಗುರು ಎದ್ದು ಬಂತು. ಗುರುಸಿದ್ದಪ್ಪನವರು ಅದನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ನನ್ನ ಕಡೆ ನೋಡಲೇ ಇಲ್ಲ. ನನ್ನ ಮೇಲೆ ಅನುಮಾನ ಪಡುವುದು ಅವರಿಗೆ ಹೊಳೆಯಲೇ ಇಲ್ಲ. ನಿಂತ ಸದ್ದು ಮತ್ತೆ ಶುರುವಾಗದ್ದಕ್ಕೆ ಸಾಹೇಬರು ಬಂದು ಏನಾಯಿತು ಎಂದು ಕೇಳಿದರು.

"ನನ್ ಕೈ ಸತ್ತೋಗದೆ ಸಾಹೇಬ್ರೆ," ಎಂದರು. "ವರ್ಸ ಆಯ್ತು. ನಿಮ್ಗೆ ಯೋಳ್ದೆ ಮುಚ್ಕಂಡಿದ್ದೆ, ತಪ್ಪಾಯ್ತು. ಈ ಹುಡ್ಗಂದು ಏನೂ ಇಲ್ಲ."

ಆಗ ಬಾಯಿ ಬಿಡಬೇಕಿತ್ತು. ಒಂದು ಮಾತು ಸಾಕಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಿ, ವ್ಯಾಪಾರಿಗೆ ಸಮಾಧಾನ ಹೇಳಿ ಕಳಿಸಿದರು. ಕೂತು ಮಾಡುವ ಕೆಲಸ ಮಾಡಿಕೊಂಡು ಇಲ್ಲೇ ಇರಿ ಎಂದು ಗುರುಸಿದ್ದಪ್ಪನವರಿಗೆ ಹೇಳಿದರು. ಅವರು ಒಪ್ಪಲಿಲ್ಲ. ಹೆಗಲ ಮೇಲಿನ ವೈರನ್ನು ಸುತ್ತಿ, ಮಿಷಿನ್ನನ್ನು ನನ್ನ ಕೈಗೆ ಕೊಟ್ಟು, ಇನ್ನು ಬಾನೆಟ್ಟು ನಿನ್ನದೇ ಎಂದರು. ತಿಂಗಳೊಳಗೆ ಹೆಂಡತಿ ಗೌರಮ್ಮನವರ ಜೊತೆ ಹನಗೋಡಿನ ಮಗಳ ಮನೆಗೆ ಹೋಗಿಬಿಟ್ಟರು.

ಹನಗೋಡು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಅಲ್ಲಿಗೆ ಹೋಗಲು ನನಗೆ ಆರು ವರ್ಷ ಬೇಕಾಯಿತು. ಹೋದಾಗ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಬಾನೆಟ್ಟು ಹೇಗೆ ಬರುತ್ತಿದೆ, ಅಂಚಿಗೆ ಟೇಪು ಹಚ್ಚುತ್ತೀಯಾ ಎಂದೆಲ್ಲ ವಿಚಾರಿಸಿದರು. ಅದನ್ನು ತಡೆಯಲಾರದೆ, ನಡುವೆಯೇ ಎಲ್ಲ ಹೇಳಿಬಿಟ್ಟೆ. ಓರೆ ಮಾಡಿದ್ದು, ಪೇಸ್ಟು ಬಳಿದದ್ದು, ತಣ್ಣಗಿದೆ ಎಂದದ್ದು.

ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ, ಹಾಗಾದರೆ ನಾನು ಸುಡಲಿಲ್ಲವಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ತಟ್ಟನೆ ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿದರು. "ಇವಳೇ, ಬಾರೆ ಇಲ್ಲಿ. ನಾನು ಸುಟ್ಟಿಲ್ವಂತೆ ಕಣೆ. ಅದು ನನ್ ಕೈಯಲ್ವಂತೆ." ಆ ದನಿಯಲ್ಲಿದ್ದ ಸಂತೋಷವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. ನನಗೂ ಮನಸ್ಸು ಹಗುರಾಯಿತು. ಕ್ಷಮೆ ಸಿಕ್ಕೇಬಿಟ್ಟಿತು ಅಂದುಕೊಂಡೆ, ನಾಚಿಕೆಗೆಟ್ಟವನು.

ಗೌರಮ್ಮನವರು ಕಾಫಿ ಲೋಟ ಹಿಡಿದು ಬಂದರು. ವಿಷಯ ಕೇಳಿ ಲೋಟವನ್ನು ನನಗೆ ಕೊಡದೆ ಕಿಟಕಿಯ ಮೇಲಿಟ್ಟರು. ಅಂಗಳದಲ್ಲಿ ಐದು ವರ್ಷದ ಮೊಮ್ಮಗಳು ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳನ್ನು ತೋರಿಸಿ ಹೇಳಿದರು, "ಉಟ್ಟಿದಾಗ್ನಿಂದ ಈ ಮಗೀನ ಇವ್ರು ಎತ್ಕಂಡಿಲ್ಲ ಕಣಪ್ಪ. ಸತ್ತ ಕೈ, ಬೀಳುಸ್ಬುಟ್ಟೇನು ಅಂತ. ತೊಡೆ ಮ್ಯಾಲೆ ಆಕಿದ್ರೂ ಕೈ ಇಂದಕ್ಕೆ ಕಟ್ಕತಿದ್ರು."

ಗುರುಸಿದ್ದಪ್ಪನವರ ಮುಖದಲ್ಲಿದ್ದ ನಗು ನನ್ನ ಕಣ್ಣೆದುರೇ ಇಂಗಿಹೋಯಿತು. ಮೊಮ್ಮಗಳನ್ನು ಕರೆದರು. ಅವಳು ಓಡಿಬಂದಳು. ಎರಡು ಕೈಯನ್ನೂ ಅವಳ ಕಂಕುಳಿಗೆ ಹಾಕಿ ಎತ್ತಲು ನೋಡಿದರು. ಅವರ ವಯಸ್ಸಿಗೆ ಅವಳು ಭಾರವಾಗಿದ್ದಳು. ಅಜ್ಜ ಹೀಗೇಕೆ ಮಾಡುತ್ತಿದ್ದಾರೆ ಎಂದು ಅವಳಿಗೆ ಕಸಿವಿಸಿಯಾಗಿ, ನುಣುಚಿಕೊಂಡು ಆಟಕ್ಕೆ ಓಡಿದಳು.

"ನಂಜಾ, ನೀನು ಓಗು," ಎಂದರು. ಸಿಟ್ಟಿರಲಿಲ್ಲ. "ಇನ್ ಬರ್ಬ್ಯಾಡ."

ನಾನು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಷೆಡ್ಡಿಗೆ ಬಂದಾಗ ಸಾಹೇಬರು, ನೀನೇ ಅವರ ಶಿಷ್ಯ, ಮಣ್ಣಿಗೆ ನೀನು ಹೋಗಲೇಬೇಕು ಎಂದರು. ಕೈಯಲ್ಲಿ ಕೆಲಸವಿದೆ, ನೀವು ಹೋಗಿಬನ್ನಿ ಎಂದು ಸುಳ್ಳು ಹೇಳಿದೆ. ಬಾನೆಟ್ಟು ಮುಟ್ಟಬೇಡ ಅಂದಾಗ ಕೇಳಿರಲಿಲ್ಲ, ಬರಬೇಡ ಅಂದದ್ದನ್ನಾದರೂ ಕೇಳಿದೆ.