ಬಿಳಿ ಮನೆಯ ಮಿಷಿನಕ್ಕ

ಬೀದಿಯವರೆಲ್ಲ ಅವಳನ್ನು ಮಿಷಿನಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಮಿಷಿನ್ನಿನ ಸದ್ದು ಕೇಳದ ದಿನ, ಅಕ್ಕನಿಗೆ ಜ್ವರ ಬಂದಿರಬೇಕು ಎಂದುಕೊಂಡು ಪಕ್ಕದ ಮನೆಯವರು ಬಂದು ಇಣುಕುತ್ತಿದ್ದರು. ಗಂಡ ತೀರಿಕೊಂಡಾಗ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಮಗಳು ತೊಡೆಯ ಮೇಲಿನ ಕೂಸು. ಶಾಲೆ ಮಕ್ಕಳ ಯೂನಿಫಾರಂ ಹೊಲಿದು, ಹೊಟ್ಟೆಬಟ್ಟೆ ಕಟ್ಟಿ ಇಬ್ಬರನ್ನೂ ಓದಿಸಿದಳು. ಇದ್ದದ್ದು ಒಂದೇ ಕೋಣೆ. ಅದಕ್ಕಿದ್ದ ಒಂದೇ ಕಿಟಕಿ ಪಕ್ಕದ ಗ್ಯಾರೇಜಿನ ಗೋಡೆಗೆ ಮುಖಮಾಡಿತ್ತು. ಹಾಡಹಗಲಲ್ಲೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸಬೇಕಿತ್ತು.

ಮಗ ಮನೆ ಕಟ್ಟುವ ವಿದ್ಯೆ ಕಲಿತು ಆರ್ಕಿಟೆಕ್ಟ್ ಆದ. ಆಗ ಊರಲ್ಲಿ ಕಮಾನು, ಕೆತ್ತನೆ, ಬಣ್ಣಬಣ್ಣದ ದಪ್ಪ ಕಂಬಗಳ ಕಾಲ. ಅವನಿಗೂ ಅವನ ಗೆಳೆಯರಿಗೂ ಅದೆಲ್ಲ ಕಂಡರಾಗದು. ಅವರು ತಲೆಗೆ ಹಚ್ಚಿಕೊಂಡದ್ದು ಅರವತ್ತು ವರ್ಷ ಹಿಂದಿನ ಬಿಳಿ ಮನೆಗಳನ್ನು: ಸಣ್ಣ ಕಂಬಗಳ ಮೇಲೆ ನಿಂತ ಪೆಟ್ಟಿಗೆ, ಚಪ್ಪಟೆ ತಾರಸಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದ ಕಿಟಕಿ.

"ತಾತಂದಿರ ಕಾಲದವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಅಮ್ಮ. ನಾವು ಮತ್ತೆ ಶುರು ಮಾಡ್ತೀವಿ" ಎನ್ನುತ್ತಿದ್ದ.

ಆದರೆ ಹೊಸಬನ ಕೈಗೆ ಮನೆ ಕೊಡುವವರು ಯಾರು? ಎಲ್ಲರೂ ನಕ್ಷೆ ನೋಡಿ ಮೂಗು ಮುರಿದರು. ಮಗ ಮುಖ ಇಳಿಬಿಟ್ಟುಕೊಂಡು ಕೂತದ್ದನ್ನು ನೋಡಲಾರದೆ ಅವಳೇ ಅಂದಳು: "ನನಗೇ ಕಟ್ಟು. ಆಚೆ ಬಡಾವಣೇಲಿ ನಿಮ್ಮಪ್ಪ ಬಿಟ್ಟುಹೋದ ಸೈಟು ಇದೆಯಲ್ಲ, ಯಾವ ಕಾಲಕ್ಕೆ ಅದು?"

ಸಾಲಸೋಲದಲ್ಲೇ ಮನೆ ಎದ್ದಿತು. ಒಳಗೂ ಹೊರಗೂ ಹಾಲಿನಂಥ ಬಿಳುಪು, ನೆಲವೂ ಬಿಳಿ.

"ಆಸ್ಪತ್ರೆ ಥರ ಇದೆಯಲ್ಲೋ" ಅಂದಳು.

"ಆಸ್ಪತ್ರೆ ಅಲ್ಲಮ್ಮ, ಹಡಗು ಅಂದ್ಕೋ."

"ಅಯ್ಯೋ, ನನಗೆ ಈಜು ಬರಲ್ಲ ಮಾರಾಯ."

ಇಬ್ಬರೂ ನಕ್ಕರು. ಮೊದಲ ಬೆಳಗ್ಗೆ ಆ ಉದ್ದ ಕಿಟಕಿಯಿಂದ ಬಿಸಿಲು ನೆಲದ ಉದ್ದಕ್ಕೂ ಹಾಸಿದ್ದನ್ನು ಕಂಡು ಅವಳು ಅಲ್ಲೇ ಕೂತುಬಿಟ್ಟಳು. ಜೀವಮಾನದಲ್ಲಿ ಅಷ್ಟು ಬೆಳಕು ಅವಳ ಪಾಲಿಗೆ ಬಂದಿರಲಿಲ್ಲ. ಆ ಸುಖ ಸುಳ್ಳಲ್ಲ.

ಮಿಷಿನ್ನಿಗೆ ಮಾತ್ರ ಮೇಲೆ ಜಾಗವಾಗಲಿಲ್ಲ. ಕೆಳಗೆ, ಕಂಬಗಳ ನಡುವಿನ ಸಾಮಾನು ಕೋಣೆಗೆ ಹೋಯಿತು. ಪತ್ರಿಕೆಯವರು ಫೋಟೋ ತೆಗೆಯಲು ಬಂದ ದಿನ ಅವಳ ಕುರ್ಚಿ, ಹೂವಿನ ಹೊದಿಕೆ, ಗಂಡನ ಫೋಟೋ ಎಲ್ಲವೂ ಅಲ್ಲಿಗೇ ಇಳಿದವು. ಫೋಟೋ ಅಚ್ಚಾದ ಮೇಲೆ ಮಗನ ಕೈ ಮೇಲಾಯಿತು. ಕೆಲಸ ಹುಡುಕಿಕೊಂಡು ಬರತೊಡಗಿತು. ಅವನು ಆಫೀಸಿನ ಹತ್ತಿರವೇ ಮನೆಮಾಡಿಕೊಂಡ. ತಾಯಿ ಹಿಗ್ಗಿದಳು, ಇನ್ನೇನು ಬೇಕು ಅಂದುಕೊಂಡಳು.

ಆಮೇಲೆ ಕಣ್ಣು ಕೈಕೊಟ್ಟಿತು. ಕಣ್ಣಿನ ಡಾಕ್ಟರು, ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ ಅಂದರು. ನಡುಮನೆಯಿಂದ ಊಟದ ಮೇಜಿನ ಕಡೆಗೆ ಇಳಿಯಲು ಕೆಲವು ಮೆಟ್ಟಿಲುಗಳಿದ್ದವು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಿಳಿಯ ಮೇಲೆ ಬಿಳಿ. ನೆಲ ಎಲ್ಲಿ ಮುಗಿಯಿತು, ಮೆಟ್ಟಿಲು ಎಲ್ಲಿ ಶುರುವಾಯಿತು ಅವಳಿಗೆ ತಿಳಿಯುತ್ತಿರಲಿಲ್ಲ. ಮಗನ ಮನಸ್ಸು ನೊಂದೀತೆಂದು ತುಟಿಪಿಟಕ್ಕೆನ್ನಲಿಲ್ಲ. ಯೂನಿಫಾರಮ್ಮಿನ ನೀಲಿ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಒಂದೊಂದು ಮೆಟ್ಟಿಲಿನ ಅಂಚಿಗೂ ಅಂಟಿಸಿಕೊಂಡಳು.

ಒಂದು ದಿನ ಅವನು ಓದಿದ ಕಾಲೇಜಿನವರು ಮನೆ ನೋಡಲು ಬರುವವರಿದ್ದರು. ಮಗ ಬೇಗನೆ ಬಂದು ಪಟ್ಟಿಗಳನ್ನು ಕಿತ್ತ.

"ಇವತ್ತೊಂದಿನ ಅಮ್ಮ. ಅವರು ಹೋದ ಮೇಲೆ ನಾನೇ ಅಂಟಿಸ್ತೀನಿ."

"ಆಗಲಿ ಬಿಡು."

ಬಂದವರು ಹೊಗಳಿದ್ದೇ ಹೊಗಳಿದ್ದು. ಆ ಸಡಗರದಲ್ಲಿ ಮಗ ಮಾತಾಡುತ್ತಾ ಅವರ ಜೊತೆಗೇ ಹೊರಟುಹೋದ. ಸಂಜೆ ಮಿಷಿನಕ್ಕ ನೀರು ಕುಡಿಯಲು ಎದ್ದವಳು ಮೆಟ್ಟಿಲಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು.

"ಸೀರೆ ಕಾಲಿಗೆ ತೊಡರಿತು" ಎಂದು ಡಾಕ್ಟರಿಗೆ ಹೇಳಿದಳು. ಮಗಳಿಗೂ ಅದನ್ನೇ ಹೇಳಿದಳು. ಆದರೆ ಮಗಳು ಮನೆಗೆ ಹೋಗಿ ಮೆಟ್ಟಿಲನ್ನೂ, ಕಸದಬುಟ್ಟಿಯಲ್ಲಿದ್ದ ನೀಲಿ ಚೂರುಗಳನ್ನೂ ನೋಡಿಕೊಂಡು ಬಂದಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ಅಣ್ಣನನ್ನು ತಡೆದಳು.

"ಅಮ್ಮ ಆ ಬಟ್ಟೆ ಯಾಕೆ ಅಂಟಿಸಿದ್ದಳು ಅಂತ ಗೊತ್ತಾ ಅಣ್ಣ?"

"ಜಾರತ್ತೇನೋ ಅಂದ್ಕೊಂಡಿದ್ದೆ."

"ಅವಳಿಗೆ ಮೆಟ್ಟಿಲು ಕಾಣ್ತಾ ಇರಲಿಲ್ಲ. ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗಿದ್ದೆ. ನಿನಗೆ ಹೇಳಬೇಡ ಅಂತ ಆಣೆ ಮಾಡಿಸಿಕೊಂಡಿದ್ದಳು."

ಅವನು ಬೆಂಚಿನ ಮೇಲೆ ಕೂತ. ತಂಗಿ ಬೈಯಬೇಕೆಂದೇ ಬಂದವಳು ಪಕ್ಕದಲ್ಲಿ ಕೂತಳು.

ಮಿಷಿನಕ್ಕ ಆಮೇಲೆ ಮಗಳ ಮನೆ ಸೇರಿದಳು. ಮಗ ದಿನಾ ಬರತೊಡಗಿದ. ಮೆಟ್ಟಿಲಿಗೆ ಕಂಬಿ ಹಾಕಿಸುತ್ತೇನೆ, ನೆಲದ ಬಣ್ಣ ಬದಲಾಯಿಸುತ್ತೇನೆ, ವಾಪಸು ಬಾ ಎಂದು ಗೋಗರೆದ.

"ಬೇಡ ಕಣೋ, ಅದರ ಅಂದ ಕೆಡಿಸಬೇಡ. ನಡೆಯೋಕಾದ್ರೆ ತಾನೆ ಮೆಟ್ಟಿಲ ಮಾತು?"

ಒಂದು ಮಧ್ಯಾಹ್ನ ಅವನು ತಡೆಯಲಾರದೆ ಬಾಯಿಬಿಟ್ಟ. "ಅಮ್ಮ, ಅವತ್ತು ಆ ಪಟ್ಟಿ ನಾನು..."

"ಯಾವ ಪಟ್ಟಿ? ಸೀರೆ ತೊಡರಿತು ಅಂದೆನಲ್ಲ." ಅವನ ಕೈ ಹುಡುಕಿ ಹಿಡಿದುಕೊಂಡಳು. "ಊಟ ಮಾಡಿದೆಯಾ? ಕೈ ಎಷ್ಟು ತಣ್ಣಗಿದೆ ನೋಡು."

ಅವಳು ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೋ ಏನೋ. ಅವಳಿಗೆ ಬೈಯುವುದೇ ತಿಳಿಯದು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಚಳಿಗಾಲ ಕಳೆಯುವ ಮೊದಲೇ, ಮಗಳು ತಲೆ ಬಾಚುತ್ತಿದ್ದಾಗ, ದಿಂಬಿಗೆ ಒರಗಿ ಕೂತಲ್ಲೇ ವಾಲಿಕೊಂಡು ಹೋಗಿಬಿಟ್ಟಳು.

ಬಿಳಿ ಮನೆಯನ್ನು ಅಣ್ಣತಂಗಿ ಮಾರಿದರು. ಕೊಂಡವರು ಮೊದಲ ಮಳೆಗೇ ತಾರಸಿ ಸೋರುತ್ತದೆಂದು ಮೇಲೆ ತಗಡು ಹೊದಿಸಿ, ಗೋಡೆಗೆಲ್ಲ ಹಸಿರು ಬಳಿದರು. ಹಳೆಯ ಗೆಳೆಯನೊಬ್ಬ ಅದನ್ನು ನೋಡಿ ಫೋನು ಮಾಡಿ ಗೋಳಾಡಿದ. ಇಂಥ ಮನೆ ಇನ್ನೊಂದಿಲ್ಲ, ಏನಾದರೂ ಮಾಡಬೇಕು ಅಂದ.

"ಅವರ ಮನೆ ಅದು. ಅವರಿಗೆ ಹೇಗೆ ಬೇಕೋ ಹಾಗೆ ಇರಲಿ" ಎಂದ ಮಗ.

ಫೋನು ಇಟ್ಟವನು ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ತುಂಬ ಹೊತ್ತು ಅತ್ತ. ಹೊರಗೆ ಕೆಲಸದವರು ಏನೂ ಕೇಳಿಸದವರ ಹಾಗೆ ತಲೆ ತಗ್ಗಿಸಿ ನಕ್ಷೆಯ ಗೆರೆ ಎಳೆಯುತ್ತಿದ್ದರು.